ಕ್ರಿಸ್‌ಮಸ್ ದಿನದ ಒಂದು ಕರೆ

ಮಿಷನರಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮಗೆ ನೆನಪಾಗುವವರು ಮೋಗ್ಲಿಂಗ್, ಕಿಟೆಲ್ ಮೊದಲಾದ ಬಾಸೆಲ್ ಮಿಷನ್ನಿನ ಹಿರಿಯರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯ ಜರ್ಮನ್ ಪಾದ್ರಿಗಳು ವಿದ್ಯಾವಂತರು, ದೈವಶಾಸ್ತ್ರದಲ್ಲಿ ತರಬೇತಾದವರು. ಬಾಳಿನ ಒಳ್ಳೆಯ ಕಾಲವನ್ನೆಲ್ಲ ಇಲ್ಲಿ ಸವೆಸಿ, ನಮಗೆ ‘ಮಂಗಳೂರ ಸಮಾಚಾರ’ವನ್ನೂ ೧೮೯೪ರ ಮಹಾನಿಘಂಟನ್ನೂ ಕೊಟ್ಟುಹೋದವರು. ಮಿಷನರಿ ಎಂದರೆ ನಡುವಯಸ್ಸು ದಾಟಿದ, ಗಡ್ಡ ನೆರೆತ ಪಂಡಿತ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಆದರೆ ಇನ್ನೊಂದು ಬಗೆಯ ಮಿಷನರಿ ಉಂಟು. ಅವನಿಗೆ ಮೀಸೆ ಸರಿಯಾಗಿ ಮೂಡಿರುವುದಿಲ್ಲ. ಬಿಳಿಯ ಅಂಗಿ, ಟೈ, ಎದೆಯ ಮೇಲೆ ಕರಿಯ ಹೆಸರುಪಟ್ಟಿ. ಪಕ್ಕದಲ್ಲಿ ಅದೇ ವೇಷದ ಇನ್ನೊಬ್ಬ. ಪಟ್ಟಿಯ ಮೇಲೆ ‘ಎಲ್ಡರ್’ ಎಂದಿರುತ್ತದೆ, ಎಂದರೆ ‘ಹಿರಿಯ’. ವಯಸ್ಸು ಮಾತ್ರ ಹದಿನೆಂಟೋ ಹತ್ತೊಂಬತ್ತೋ. ಇವರು ಮಾರ್ಮನ್ ಪಂಥದ ಪ್ರಚಾರಕರು. ೧೮೩೦ರ ಏಪ್ರಿಲ್ ೬ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ, ಈಗ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವುಳ್ಳ ಪಂಥ ಅದು. ‘ಮಾರ್ಮನ್’ ಎಂಬ ಅಡ್ಡಹೆಸರಿಗಿಂತ ‘ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ’ ಎಂಬ ಪೂರ್ಣನಾಮವೇ ತಮಗೆ ಇಷ್ಟವೆಂದು ಅವರು ಹೇಳಿಕೊಳ್ಳುತ್ತಾರೆ. ಇಂದು ಲೋಕದಾದ್ಯಂತ ಇಂಥ ೭೦,೦೦೦ಕ್ಕೂ ಹೆಚ್ಚು ಪ್ರಚಾರಕರಿದ್ದಾರೆ. ಅವರ ಬೋಧನೆಯ ಸತ್ಯಾಸತ್ಯವಾಗಲಿ, ಮತಾಂತರದ ಚರ್ಚೆಯಾಗಲಿ ಇಲ್ಲಿ ನನ್ನ ವಿಷಯವಲ್ಲ. ಮನೆ ಬಿಟ್ಟು ಹೋದ ಮಗ ಹಬ್ಬದ ದಿನ ಎಲ್ಲಿದ್ದ, ಮನೆಯವರಿಗೂ ಅವನಿಗೂ ನಡುವೆ ಎಷ್ಟು ದೂರವಿತ್ತು ಎಂಬುದಷ್ಟೇ ನನ್ನ ಕುತೂಹಲ. ಆ ದೂರಕ್ಕೂ ಒಂದು ಚರಿತ್ರೆಯಿದೆ.

ಅಮೆರಿಕದಿಂದ ಸಮುದ್ರ ದಾಟಿದ ಮೊದಲ ತಂಡ ೧೮೩೭ರ ಜುಲೈಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇಳಿಯಿತು. ಅದರ ಮುಖಂಡ ಹೀಬರ್ ಕಿಂಬಲ್ ಕಸುಬಿನಿಂದ ಕುಂಬಾರ; ಓದು ಅಷ್ಟಕ್ಕಷ್ಟೆ. ಪ್ರೆಸ್ಟನ್ ಎಂಬ ಗಿರಣಿಗಳ ಊರಿನಲ್ಲಿ ಅವರು ಬೋಧಿಸಿದರು. ಜುಲೈ ೩೦ರಂದು ರಿಬಲ್ ನದಿಯಲ್ಲಿ ೯ ಮಂದಿ ದೀಕ್ಷಾಸ್ನಾನ ಮಾಡಿದರು. ಆ ವರ್ಷದ ಕ್ರಿಸ್‌ಮಸ್ ದಿನ ಪ್ರೆಸ್ಟನ್ನಿನ ‘ಕಾಕ್‌ಪಿಟ್’ ಎಂಬ ಕಟ್ಟಡದಲ್ಲಿ ಸುಮಾರು ೩೦೦ ಮಂದಿ ಅನುಯಾಯಿಗಳ ಸಭೆ ಸೇರಿತು. ಹಿಂದೆ ಕೋಳಿ ಅಂಕ ನಡೆಯುತ್ತಿದ್ದ, ಅನಂತರ ಪಾನನಿರೋಧದ ಭಾಷಣಗಳಿಗೆ ಒದಗಿದ ಕಟ್ಟಡವದು. ಪ್ರಚಾರಕನ ಕ್ರಿಸ್‌ಮಸ್ ಎಂದರೆ ರಜೆಯಲ್ಲ, ಕೆಲಸ ಎಂಬ ಸಂಪ್ರದಾಯ ಹೀಗೆ ಮೊದಲ ವರ್ಷದಿಂದಲೇ ಬಂದಿತೆನ್ನಬಹುದು.

ಅದೇ ಕಿಂಬಲ್ ಎರಡನೆಯ ಸಲ ಹೊರಟದ್ದು ೧೮೩೯ರ ಸೆಪ್ಟೆಂಬರಿನಲ್ಲಿ. ಮಿಸಿಸಿಪಿ ನದಿಯ ದಡದ ಆ ನೆಲೆ ಜೌಗುನೆಲ, ಮನೆಮನೆಯಲ್ಲೂ ಚಳಿಜ್ವರ. ಜೊತೆಗೆ ಹೊರಟ ಬ್ರಿಗಮ್ ಯಂಗ್ ಮನೆ ಬಿಟ್ಟಾಗ ಅವನ ಹೆಂಡತಿ ಹತ್ತು ದಿನದ ಬಾಣಂತಿ. ಕಿಂಬಲ್ಲನ ಹೆಂಡತಿ ವೈಲೇಟ್ ಹಾಸಿಗೆ ಹಿಡಿದಿದ್ದಳು. ಹೊರಟವರಿಗೇ ನಿಲ್ಲಲು ತ್ರಾಣವಿರಲಿಲ್ಲ. ಬಂಡಿ ಸ್ವಲ್ಪ ದೂರ ಹೋದ ಮೇಲೆ ಇಬ್ಬರೂ ಕಷ್ಟದಿಂದ ಎದ್ದುನಿಂತು, ಮನೆಯವರಿಗೆ ಧೈರ್ಯ ಬರಲೆಂದು ಟೋಪಿ ಬೀಸಿ ಜಯಕಾರ ಮಾಡಿದರಂತೆ. ಅವರು ಲಿವರ್‌ಪೂಲ್ ಮುಟ್ಟಿದ್ದು ಮರುವರ್ಷದ ಏಪ್ರಿಲ್ ೬ರಂದು. ನಡುವಿನ ಕ್ರಿಸ್‌ಮಸ್ ದಾರಿಯಲ್ಲೇ ಕಳೆಯಿತು. ಹಡಗಿನಲ್ಲಿ ಬರುವ ಕಾಗದಕ್ಕೆ ಕಾಯುವುದೊಂದೇ ಮನೆಯಲ್ಲಿ ಉಳಿದವರಿಗೆ ದಾರಿ. ಈ ಪಂಥದ ಚರಿತ್ರಕಾರರು ಬಂಡಿಯಲ್ಲಿ ಎದ್ದುನಿಂತವರ ಶೌರ್ಯವನ್ನು ಮತ್ತೆ ಮತ್ತೆ ಹೇಳುತ್ತಾರೆ. ನನಗಾದರೋ ಬಂಡಿ ಕಣ್ಮರೆಯಾದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಹೋದವರ ನೆನಪೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಹೀಗೆ ಹೊರಟವರಲ್ಲಿ ಬಹುಮಂದಿ ಸಂಸಾರಸ್ಥರು. ಹೊಲಮನೆ ನೋಡಿಕೊಳ್ಳುವ ಹೊಣೆ ಹೆಂಡತಿಯರದು.

ಈ ಅಲೆ ನಮ್ಮ ದೇಶವನ್ನೂ ಮುಟ್ಟದಿರಲಿಲ್ಲ. ೧೮೫೩ರ ಏಪ್ರಿಲಿನಲ್ಲಿ ಯೂಟಾದಿಂದ ೧೩ ಮಂದಿ ಕಲ್ಕತ್ತೆಯಲ್ಲಿ ಬಂದಿಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಎಂಬಾತ ಮದರಾಸಿಗೆ ಹೋದ. ನಮ್ಮ ಕಿಟೆಲ್ ಭಾರತಕ್ಕೆ ಬಂದದ್ದೂ ಅದೇ ವರ್ಷ. ಕೈಯಲ್ಲಿ ಕಾಸಿಲ್ಲದೆ, ಜನರು ಕೊಟ್ಟದ್ದನ್ನು ಉಂಡು ತಿರುಗುವುದು ಮಾರ್ಮನ್ನರ ಪದ್ಧತಿ. ನಮ್ಮಲ್ಲಿ ಸಂನ್ಯಾಸಿಗೆ ಅದು ಸಹಜ. ಬಿಳಿಯ ದೊರೆಗಳ ನಾಡಾಗಿದ್ದ ಅಂದಿನ ಭಾರತದಲ್ಲಿ ಬಿಳಿಯನೊಬ್ಬ ಹಾಗೆ ತಿರುಗುವುದು ದೊರೆಗಳಿಗೇ ಮುಜುಗರ. ಸಾಲದುದಕ್ಕೆ ಬಹುಪತ್ನೀತ್ವ ತಮ್ಮ ಧರ್ಮಕ್ಕೆ ಸಮ್ಮತವೆಂದು ಪಂಥ ೧೮೫೨ರಲ್ಲಿ ಬಹಿರಂಗವಾಗಿ ಸಾರಿತ್ತು. ದಂಡಿನ ಬಾಗಿಲುಗಳೂ ಮುಚ್ಚಿದವು. ಕೆಲವೇ ವರ್ಷಗಳಲ್ಲಿ ಅವರೆಲ್ಲ ಹಿಂದಿರುಗಿದರು. ಕಿಟೆಲ್ ಉಳಿದು ಭಾಷೆ ಕಲಿತರು. ಇವರು ಉಳಿಯಲೂ ಇಲ್ಲ, ಕಲಿಯಲೂ ಇಲ್ಲ.

ಆದರೆ ಉಳಿದು ಕಲಿತವನೊಬ್ಬನಿದ್ದಾನೆ. ೧೯೦೧ರ ಆಗಸ್ಟ್ ೧೨ರಂದು ಜಪಾನಿನ ಯೊಕೊಹಾಮಾದಲ್ಲಿ ನಾಲ್ವರು ಮಾರ್ಮನ್ನರು ಇಳಿದರು. ಅವರಲ್ಲಿ ಕಿರಿಯ ಆಲ್ಮಾ ಟೇಲರ್. ಹತ್ತೊಂಬತ್ತು ತುಂಬಿ ಹದಿನೈದು ದಿನವೂ ಆಗಿರಲಿಲ್ಲ. ತಂಡದ ನಾಯಕ ಹೀಬರ್ ಗ್ರಾಂಟ್ ೧೯೦೩ರಲ್ಲಿ ಊರಿಗೆ ಮರಳಿದ. ಈ ಹುಡುಗ ಮಾತ್ರ ಜಪಾನೀ ಭಾಷೆಗೆ ಕುಳಿತ. ತಮ್ಮ ‘ಮಾರ್ಮನ್ ಗ್ರಂಥ’ವನ್ನು ಆ ಭಾಷೆಗೆ ತಂದ. ಅಲ್ಲಿನ ಸಾಹಿತಿ ಇಕುತಾ ಚೋಕೋ ಅವರಿಂದ ಶೈಲಿಯನ್ನು ತಿದ್ದಿಸಿಕೊಂಡ. ಗ್ರಂಥ ೧೯೦೯ರಲ್ಲಿ ಅಚ್ಚಾಯಿತು. ೧೯೧೦ರ ಆರಂಭದಲ್ಲಿ ಅವನು ಊರಿನ ಹಾದಿ ಹಿಡಿದ. ಲೆಕ್ಕ ಹಾಕಿದರೆ ಎಂಟೂವರೆ ವರ್ಷ, ಒಂಬತ್ತು ಕ್ರಿಸ್‌ಮಸ್‌ಗಳು. ಮನೆ ಬಿಟ್ಟಾಗ ಹುಡುಗ, ಮರಳಿದಾಗ ಇಪ್ಪತ್ತೇಳರ ಗಂಡಸು. ನಡುವಿನ ಅವನ ಮುಖವನ್ನು ತಾಯಿ ಎದುರಿನಲ್ಲಿ ಕಾಣಲೇ ಇಲ್ಲ. ಅಷ್ಟೆಲ್ಲ ಆದಮೇಲೆ, ಫಲ ಸಾಲದೆಂದು ೧೯೨೪ರಲ್ಲಿ ಜಪಾನಿನ ಮಿಷನ್ನನ್ನು ಮುಚ್ಚಲಾಯಿತು. ಹಾಗೆ ಮುಚ್ಚಿದಾಗ ಪಂಥದ ಅಧ್ಯಕ್ಷಸ್ಥಾನದಲ್ಲಿದ್ದವನು ಅದೇ ಗ್ರಾಂಟ್. ಅದು ಮತ್ತೆ ತೆರೆದದ್ದು ೧೯೪೮ರಲ್ಲಿ.

ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಪ್ರಚಾರಕನ ಬಾಳಿಗೆ ಕಟ್ಟುಕಟ್ಟಳೆ ಬಂದಿತು. ಸಂಸಾರಸ್ಥರ ಬದಲು ಅವಿವಾಹಿತ ಯುವಕರು ಹೋಗತೊಡಗಿದರು. ೧೮೯೮ರಿಂದ ಅವಿವಾಹಿತ ಹೆಂಗಸರಿಗೂ ಅವಕಾಶವಾಯಿತು. ಇಂದು ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಹುಡುಗರ ಕನಿಷ್ಠ ವಯಸ್ಸು ೧೯೬೦ರಲ್ಲಿ ೧೯ಕ್ಕೂ ೨೦೧೨ರಲ್ಲಿ ೧೮ಕ್ಕೂ ಇಳಿಯಿತು. ಸಂಬಳವಿಲ್ಲ, ಖರ್ಚನ್ನು ತಾನೋ ಮನೆಯವರೋ ಕೂಡಿಟ್ಟ ಹಣದಿಂದ ಭರಿಸಬೇಕು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ಕೇಂದ್ರವೇ ನಿರ್ಧರಿಸುತ್ತದೆ.

ದಿನಚರಿ ನಮ್ಮ ಗುರುಕುಲಗಳನ್ನು ನೆನಪಿಗೆ ತರುವಂಥದು. ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಪ್ರಾರ್ಥನೆ, ಗ್ರಂಥಾಧ್ಯಯನ, ಹೊರದೇಶವಾದರೆ ಭಾಷಾಭ್ಯಾಸ. ಹತ್ತರ ಹೊತ್ತಿಗೆ ಬೀದಿಗೆ ಇಳಿಯಬೇಕು. ರಾತ್ರಿ ಒಂಬತ್ತಕ್ಕೆ ಬಿಡಾರ, ಹತ್ತೂವರೆಗೆ ದೀಪ ಆರಿಸುವುದು. ಸಿನಿಮಾ ಇಲ್ಲ, ಪ್ರೇಮದ ಮಾತಿಲ್ಲ, ಒಂಟಿಯಾಗಿ ಎಲ್ಲಿಗೂ ಹೋಗುವಂತಿಲ್ಲ. ಜೊತೆಗಾರ ಯಾರೆಂಬುದೂ ಮೇಲಿನವರ ತೀರ್ಮಾನ. ಕೆಲವು ತಿಂಗಳಿಗೊಮ್ಮೆ ಅವನೂ ಬದಲಾಗುತ್ತಾನೆ. ಬಟ್ಟೆ ಒಗೆಯಲು, ಸಾಮಾನು ಕೊಳ್ಳಲು, ಮನೆಗೆ ಬರೆಯಲು ವಾರದಲ್ಲಿ ಒಂದು ದಿನದ ಬಿಡುವು.

ಇಂಥ ಬಾಳಿನಲ್ಲಿ ಕ್ರಿಸ್‌ಮಸ್ ಬರುತ್ತದೆ. ಜಪಾನನ್ನೇ ನೋಡಿ. ಅಲ್ಲಿ ಡಿಸೆಂಬರ್ ೨೫ ಸರ್ಕಾರಿ ರಜೆಯಲ್ಲ. ಅಂಗಡಿಬೀದಿಯಲ್ಲಿ ದೀಪಾಲಂಕಾರವಿರುತ್ತದೆ, ಸ್ಟ್ರಾಬೆರಿ ಇಟ್ಟ ಕೆನೆಯ ಕೇಕು ಮಾರಾಟವಾಗುತ್ತದೆ, ಕರಿದ ಕೋಳಿಗಾಗಿ ಜನ ಸಾಲು ನಿಲ್ಲುತ್ತಾರೆ. ಬೆಳಗಾದರೆ ಎಲ್ಲರೂ ಎಂದಿನಂತೆ ರೈಲು ಹಿಡಿದು ಕಚೇರಿಗೆ ಹೋಗುತ್ತಾರೆ. ತನ್ನ ಹಬ್ಬ ಊರಿಗೆ ಹಬ್ಬವಲ್ಲದಿರುವಾಗ ಆಗುವ ಒಂಟಿತನ, ಪರದೇಶದಲ್ಲಿ ಯುಗಾದಿ ಕಳೆದವರಿಗೆ ಹೊಸದಲ್ಲ. ಹುಡುಗರು ಸಭೆಯ ಸದಸ್ಯರ ಮನೆಯಲ್ಲಿ ಊಟ ಮಾಡಿ, ಹಾಡು ಹೇಳಿ, ಮನೆಯಿಂದ ಬಂದ ಪೊಟ್ಟಣ ಬಿಚ್ಚಿ, ಗಡಿಯಾರ ನೋಡುತ್ತ ಕೂರುತ್ತಿದ್ದರು. ಏಕೆಂದರೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ದಿನ ಅನುಮತಿ: ಕ್ರಿಸ್‌ಮಸ್ ಒಂದು, ತಾಯಂದಿರ ದಿನ ಇನ್ನೊಂದು. ಟೋಕಿಯೋದಲ್ಲಿ ೨೫ರ ಬೆಳಗಿನ ಒಂಬತ್ತು ಗಂಟೆಯಾದಾಗ ಯೂಟಾದಲ್ಲಿ ೨೪ರ ಸಂಜೆ ಐದು. ಅಲ್ಲಿ ಮನೆಮಂದಿಯೆಲ್ಲ ಒಂದೇ ಫೋನಿನ ಸುತ್ತ ಕಾದಿರುತ್ತಿದ್ದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಿಂಬಲ್ಲನ ಕಾಲದಲ್ಲಿ ದೂರವನ್ನು ಒಡ್ಡಿದ್ದು ಸಮುದ್ರ. ತಂತಿ, ವಿಮಾನ, ಟೆಲಿಫೋನು ಬಂದು ಸಮುದ್ರ ಕಿರಿದಾದಾಗ ಆ ದೂರವನ್ನು ನಿಯಮ ಉಳಿಸಿಕೊಂಡಿತು. ಅನಿವಾರ್ಯವಾಗಿದ್ದದ್ದು ವ್ರತವಾಯಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ವಾರಕ್ಕೊಮ್ಮೆ ಇ-ಮೇಲ್ ಬರೆಯಬಹುದಾಯಿತು. ದನಿ ಕೇಳುವುದು ಮಾತ್ರ ಆ ಎರಡೇ ದಿನ. ಕೊನೆಗೆ ೨೦೧೯ರ ಫೆಬ್ರವರಿ ೧೫ರಂದು ಆ ಕಟ್ಟನ್ನೂ ಸಡಿಲಿಸಿದರು. ಅಂದಿನಿಂದ ಬಿಡುವಿನ ದಿನ, ವಾರಕ್ಕೊಮ್ಮೆ, ಫೋನಿನಲ್ಲೋ ವಿಡಿಯೋದಲ್ಲೋ ಮನೆಯವರೊಡನೆ ಮಾತನಾಡಬಹುದು.

ಇದರಿಂದ ವ್ರತದ ಬಿಗಿ ತಪ್ಪಿತೆಂದು ಕೊರಗುವವರು ಇರಬಹುದು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ವಾರವಾರವೂ ಕೇಳುವ ದನಿಗೆ, ವರ್ಷಕ್ಕೆರಡು ಸಲ ಕೇಳುವ ದನಿಯ ಬೆಲೆ ಬಾರದು. ತಾಯಿಯನ್ನು ಕೇಳದೆ ತಾನೇ ತೀರ್ಮಾನಿಸುವುದನ್ನು ಕಲಿಯಲು ಹದಿಹರೆಯಕ್ಕೆ ಒಂದಿಷ್ಟು ದೂರ ಬೇಕು. ತರಗತಿಯಲ್ಲಿ ಅದೇ ವಯಸ್ಸಿನವರನ್ನು ದಿನವೂ ಕಾಣುವ ನನಗೆ ಇದು ತಿಳಿಯದ್ದಲ್ಲ. ಆದರೂ ನಾನು ೨೦೧೯ರ ತೀರ್ಮಾನದ ಪಕ್ಷ. ವ್ರತ ಹಿಡಿದವನು ಮಗ, ಉಪವಾಸವಿದ್ದವಳು ತಾಯಿ. ಅವನ ದಿನಗಳು ಕೆಲಸದಲ್ಲಿ, ಹೊಸ ಭಾಷೆಯಲ್ಲಿ, ಹೊಸ ಮುಖಗಳ ನಡುವೆ ಕಳೆಯುತ್ತವೆ. ಅವಳಿಗಿರುವುದು ಊಟದ ಮೇಜಿನ ಬಳಿ ಖಾಲಿಯಾದ ಕುರ್ಚಿ. ತಾನು ಕೈಗೊಳ್ಳದ ವ್ರತದ ಭಾರವನ್ನು ವೈಲೇಟ್ ಕಿಂಬಲ್ಲಳಿಂದ ಹಿಡಿದು ಎಷ್ಟು ತಲೆಮಾರಿನ ಹೆಂಗಸರು ಹೊತ್ತರೋ! ಸಮುದ್ರ ಹೊರಿಸಿದಾಗ ಹೊರಲೇಬೇಕಿತ್ತು. ನಿಯಮ ಹೊರಿಸಿದ್ದನ್ನು ಇಳಿಸಿದರೆ ಧರ್ಮಕ್ಕೆ ನಷ್ಟವೇನೂ ಇಲ್ಲ.

೧೮೫೩ರಲ್ಲಿ ಬಂದು ನೆಲೆ ಸಿಗದೆ ಹಿಂದಿರುಗಿದ ಪಂಥ ೧೯೯೩ರಲ್ಲಿ ಬೆಂಗಳೂರಿನಲ್ಲಿ ಒಂದು ಮಿಷನ್ ತೆರೆಯಿತು. ೨೦೨೦ರ ಡಿಸೆಂಬರ್ ೨ರಂದು ಭಾರತದಲ್ಲಿ ತನ್ನ ಮೊದಲ ದೇವಾಲಯಕ್ಕೆ ಅಲ್ಲಿಯೇ ಗುದ್ದಲಿಪೂಜೆಯನ್ನೂ ಮಾಡಿತು. ಇಲ್ಲಿ ಬಿಳಿಯ ಅಂಗಿ ತೊಟ್ಟು ನಡೆಯುವ ಜೋಡಿಗಳಲ್ಲಿ ನಮ್ಮ ದೇಶದ ಹುಡುಗರೂ ಇದ್ದಾರೆ. ರಾಜಮಹೇಂದ್ರಿಯ ಕಡೆಯ ಹುಡುಗನೊಬ್ಬ ಕ್ರಿಸ್‌ಮಸ್ ದಿನ ಊರಿಗೆ ಫೋನ್ ಮಾಡಿದರೆ, ಎಷ್ಟು ಮಂದಿಗೆ ಬೋಧಿಸಿದೆ ಎಂದು ತಾಯಿ ಮೊದಲು ಕೇಳಲಾರಳು. ಊಟವಾಯಿತೇ ಎಂದು ಕೇಳುತ್ತಾಳೆ.