ಡಬ್ಬಿಯೊಳಗೇ ಬೆಂದ ಅಡುಗೆ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮಗೆ ಕೆಡದಂತೆ ಇಡುವುದೆಂದರೆ ಉಪ್ಪಿನಕಾಯಿ ಜಾಡಿ. ಉಪ್ಪು, ಹುಳಿ ಸೇರಿ ಅದನ್ನು ಕಾಯುತ್ತವೆ. ನೆಂಟರು ಪೇಟೆಯಿಂದ ತಂದ ಬಟಾಣಿ ಡಬ್ಬಿಯನ್ನು ಬಿಸಿ ಮಾಡದೆ ತಿನ್ನಬಹುದೇ ಎಂದು ಮಕ್ಕಳು ನಮ್ಮನ್ನು ಕೇಳುವುದುಂಟು. ಉತ್ತರ ಚರಿತ್ರೆಯಲ್ಲಿದೆ.

ನಿಕೋಲಾ ಅಪೇರ್ ಫ್ರಾನ್ಸಿನ ಮಿಠಾಯಿಗಾರ. ಆಹಾರವನ್ನು ಗಾಜಿನ ಸೀಸೆಗೆ ತುಂಬಿ, ಬಿರಡೆ ಬಿಗಿದು, ಸೀಸೆ ಸಮೇತ ಕುದಿಸಿದ. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೂ ಸೇರಿ ಪೇಟೆಂಟ್ ಪಡೆದ. ಆಹಾರ ಏಕೆ ಕೆಡುವುದಿಲ್ಲ ಎಂಬುದು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ! ಸೂಕ್ಷ್ಮಜೀವಿಗಳ ಕಾರಣವನ್ನು ಪಾಶ್ಚರ್ ತೋರಿಸಿದ್ದು 1860ರ ದಶಕದಲ್ಲಿ.

ಬರೀ ಕುದಿಸಿದರೂ ಸಾಲದು ಎಂಬುದು ಇನ್ನೂ ತಡವಾಗಿ ತಿಳಿಯಿತು. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಉಪ್ಪುನೀರಿನಲ್ಲಿಟ್ಟ ಹಂದಿಮಾಂಸ ತಿಂದರು, ಮೂವರು ಸತ್ತರು. ಆ ಮಾಂಸದಲ್ಲಿ ವಾನ್ ಎರ್ಮೆಂಜೆಮ್ ಕಂಡುಹಿಡಿದದ್ದೇ ಬೊಟುಲಿಸಮ್ ಬ್ಯಾಕ್ಟೀರಿಯಾ. ಅದರ ಬೀಜಕಣಗಳು 100 ಡಿಗ್ರಿಯ ನೀರಿನಲ್ಲೂ ಬದುಕುತ್ತವೆ. ಅದಕ್ಕೇ ಕಾರ್ಖಾನೆಗಳು ಬಟಾಣಿಯಂಥ ಹುಳಿಯಿಲ್ಲದ ಆಹಾರವನ್ನು, ಡಬ್ಬಿ ಮುಚ್ಚಿದ ಮೇಲೆ, ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತವೆ. ನಮ್ಮ ಮನೆಯ ಕುಕ್ಕರಿನ ದೊಡ್ಡಣ್ಣ ಅನ್ನಿ.

ಹಾಗಾಗಿ ಸರಿಯಾಗಿರುವ ಡಬ್ಬಿಯಲ್ಲಿರುವುದು ಆಗಲೇ ಬೆಂದದ್ದು, ತಣ್ಣಗೇ ತಿನ್ನಬಹುದು. ಬಿಸಿ ಮಾಡುವುದು ರುಚಿಗೆ. ಉಬ್ಬಿದ, ಸೋರುವ, ತೆರೆದಾಗ ಚಿಮ್ಮುವ ಡಬ್ಬಿಯನ್ನು ಮಾತ್ರ ರುಚಿ ನೋಡದೆ ಎಸೆಯಬೇಕು. ಆ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ.