ಮೊದಲು ಮೈಕು, ಆಮೇಲೆ ಬಾಕ್ಸು



ಹೋದ ವಾರ ನಮ್ಮ ಕೇರಿಯ ಹುಡುಗರು ಫೋನ್ ಮಾಡಿದ್ರು. ಓಂ ಬೀಚಿನ ಹೋಟೆಲ್‌ಗಳಲ್ಲಿ ದುಡಿಯೋ ಹುಡುಗರು. "ಅಣ್ಣ, ಎಲ್ಲಾ ಸೇರಿ ಇಪ್ಪತ್ತೈದು ಸಾವಿರ ಕೂಡಿಸಿದ್ದೀವಿ. ಮನೆ ಅಂಗಳದಲ್ಲಿ ಹಾಡು-ಕುಣಿತಕ್ಕೆ, ಏಪ್ರಿಲ್ 14ಕ್ಕೆ ಅಂತ ಒಂದು ಬಾಕ್ಸ್ ಬೇಕು. ಬೇಸ್ ಹೊಡೆದ್ರೆ ಎದೆ ನಡುಗಬೇಕು. ಯಾವುದು ತಗೊಳ್ಳೋದು?"

ಪ್ರವಾಸಿಗರ ಪಾರ್ಟಿಗೆ ಮೇಲಿನ ರಸ್ತೆಯಿಂದ ಮೆಟ್ಟಿಲಿಳಿದು ಸ್ಪೀಕರ್ ಹೊತ್ತ ಹೆಗಲು ಇವರದ್ದು. ಸೌಂಡ್ ಸಿಸ್ಟಮ್ಮಿನ ಭಾರ ಇವರಿಗೆ ಗೊತ್ತು, ಒಡೆತನ ಗೊತ್ತಿಲ್ಲ. ಈಗ ಅದೂ ಬೇಕು ಅಂತಿದ್ದಾರೆ. ನನಗೆ ಖುಷಿಯಾಯ್ತು. ಆದ್ರೆ ಮಾಡೆಲ್ ಹೆಸರು ಹೇಳಿ ಫೋನ್ ಇಡೋಕೆ ಮನಸ್ಸು ಬರಲಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಓದಿ.

ನಮ್ಮ ಜನಕ್ಕೆ ಸದ್ದು ಹೊಸದಲ್ಲ. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ತಮಟೆ ಬಡಿದವರು ನಾವೇ. ಬಡಿಯೋ ಕೈ ನಮ್ಮದು, ಯಾವಾಗ ಬಡೀಬೇಕು, ಯಾವಾಗ ನಿಲ್ಲಿಸಬೇಕು ಅನ್ನೋ ಅಪ್ಪಣೆ ಬೇರೆಯವರದ್ದು. ಇದೇ ಕರಾವಳಿಯ ದಕ್ಷಿಣಕ್ಕೆ ಹೋದ್ರೆ ಕೊರಗರ ಡೋಲು. ಅಜಲು ಅನ್ನೋ ಹೆಸರಲ್ಲಿ ಅವರನ್ನ ಕೀಳಾಗಿ ನಡೆಸಿಕೊಂಡು ಡೋಲು ಬಡಿಸ್ತಿದ್ರು. ಅದನ್ನ ನಿಷೇಧಿಸೋಕೆ ಕಾಯ್ದೆ ಬಂದಿದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಐವತ್ಮೂರು ವರ್ಷ ಆದ್ಮೇಲೆ! ಅದೇ ಕೊರಗರು ಇವತ್ತು ತಮ್ಮ ಡೋಲನ್ನ ತಮ್ಮ ಕಲೆ ಅಂತ ತಲೆಯೆತ್ತಿ ಬಾರಿಸ್ತಾರೆ. ಚರ್ಮ ಅದೇ, ಕೋಲು ಅದೇ. ಬದಲಾಗಿದ್ದು ಅಪ್ಪಣೆ.

ತಮಟೆ ಬಿಸಾಡಬೇಕಾ, ಉಳಿಸ್ಕೋಬೇಕಾ ಅಂತ ನಮ್ಮ ಚಳವಳಿಯೊಳಗೂ ಜಗಳ ಆಗಿದೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಊರಿನ ಚಾಕರಿಗೆ ಬಡಿಯಲ್ಲ ಅಂತ ತಮಟೆ ಕೆಳಗಿಟ್ಟವರೂ ಹೋರಾಟಗಾರರೇ, ಅದನ್ನೇ ಎತ್ತಿಕೊಂಡು ಮೆರವಣಿಗೆ ಮುಂದೆ ನಡೆದವರೂ ಹೋರಾಟಗಾರರೇ.

ಉತ್ತರ ಕನ್ನಡ 1956ರ ತನಕ ಮುಂಬೈ ಪ್ರಾಂತ್ಯದ ಜೊತೆಗಿತ್ತು. ಆ ಪ್ರಾಂತ್ಯದ ಮರಾಠಿ ಸೀಮೆಯಲ್ಲಿ ಬಾಬಾಸಾಹೇಬರ ಕಾಲದಲ್ಲೇ ಅಂಬೇಡ್ಕರಿ ಜಲಸಾ ತಂಡಗಳು ಹಳ್ಳಿ ಹಳ್ಳಿ ತಿರುಗಿ, ಓದು ಬಾರದವರಿಗೆ ಹಾಡಿನಲ್ಲೇ ವಿಚಾರ ಮುಟ್ಟಿಸಿದ್ವು. ಕನ್ನಡದಲ್ಲಿ ಅಂಥ ಗಳಿಗೆ ಎಪ್ಪತ್ತರ ದಶಕದಲ್ಲಿ ಬಂತು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ಗಲಾಟೆ ಎದ್ದು, ಅವರು ಮಂತ್ರಿಗಿರಿ ಬಿಡಬೇಕಾಯ್ತು. ಆ ಬೆಂಕಿಯಲ್ಲೇ ದಲಿತ ಸಂಘರ್ಷ ಸಮಿತಿ ಮೂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕ ಬಂತು. ಆ ಹಾಡುಗಳು ಕೇರಿಗೆ ಮುಟ್ಟಿದ್ದು ಪುಸ್ತಕದಿಂದಷ್ಟೇ ಅಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ತಮಟೆ ಏಟಿನ ಮೇಲೆ ನಡೆದು ಬಂದ್ವು.

ಅದೇ 1973ರಲ್ಲಿ, ಆಗಸ್ಟ್ 11ಕ್ಕೆ, ಇನ್ನೊಂದು ಕಡೆ ಏನಾಯ್ತು ನೋಡಿ. ನ್ಯೂಯಾರ್ಕಿನ ಬ್ರಾಂಕ್ಸ್. ಕರಿಯರು, ವಲಸೆ ಬಂದವರು, ಬಡವರು ಇರೋ ಜಾಗ. ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿಗೆ ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ತಾವಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಅಣ್ಣ ಕೂಲ್ ಹರ್ಕ್ ಅಪ್ಪನ ಸೌಂಡ್ ಸಿಸ್ಟಮ್ ತಂದು ರೆಕಾರ್ಡ್ ನುಡಿಸಿದ. ಹಿಪ್-ಹಾಪ್ ಹುಟ್ಟಿದ ದಿನ ಅಂತ ಜಗತ್ತು ಇವತ್ತು ನೆನೆಯೋದು ಆ ಮನೆ ಪಾರ್ಟಿಯನ್ನ. ಅವರ ಕುಟುಂಬ ಬಂದಿದ್ದು ಜಮೈಕಾದಿಂದ. ಅಲ್ಲಿ ಕಿಂಗ್‌ಸ್ಟನ್ನಿನ ಬಡವರು ಬ್ಯಾಂಡ್ ಕರೆಸೋಕೆ ಆಗದೆ, ಬೀದಿಯಲ್ಲಿ ಸ್ಪೀಕರ್ ಪೇರಿಸಿ ಕುಣೀತಿದ್ರು. ಆ ಸೌಂಡ್ ಸಿಸ್ಟಮ್ ನಡೆಸ್ತಿದ್ದವರೇ ಆಮೇಲೆ ಸ್ವಂತ ರೆಕಾರ್ಡಿಂಗ್ ಶುರು ಮಾಡಿದ್ರು. ಜಮೈಕಾದ ಸಂಗೀತ ಲೋಕಕ್ಕೆಲ್ಲ ಹರಡಿದ್ದು ಆಗ. ಬರೀ ಬೇರೆಯವರ ಹಾಡು ನುಡಿಸ್ಕೊಂಡೇ ಇದ್ದಿದ್ರೆ ಇದು ಆಗ್ತಿರಲಿಲ್ಲ.

ನಮ್ಮಲ್ಲಿ ದನಿ ಹಿಡಿಯೋ ಯಂತ್ರ ಯಾರ ಕೈಲಿತ್ತು? 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದನ್ನ ಗ್ರಾಮಫೋನ್ ಕಂಪನಿ ರೆಕಾರ್ಡ್ ಮಾಡಿತು. ತಟ್ಟೆ ಅಚ್ಚಾಗಿದ್ದು ಜರ್ಮನಿಯಲ್ಲಿ. ಹಾಡು ಇಲ್ಲಿಂದ ಹೋಗಿ ಮಾಲಾಗಿ ವಾಪಸ್ ಬಂತು. ಕನ್ನಡದಲ್ಲಿ 1978ಕ್ಕೆ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆ ಮನೆಗೆ ಹೋಯ್ತು. ಕ್ಯಾಸೆಟ್ಟಿನ ನಿಜವಾದ ಕ್ರಾಂತಿ ಬೇರೆ ಇತ್ತು: ಕೇಳೋ ಪೆಟ್ಟಿಗೆಯಲ್ಲೇ ಕೆಂಪು ಗುಂಡಿ ಒತ್ತಿ ರೆಕಾರ್ಡೂ ಮಾಡಬಹುದಿತ್ತು. ಆದ್ರೆ ಆಗ ಕೇರಿಯಲ್ಲಿ ಟೇಪ್ ರೆಕಾರ್ಡರ್ ಎಷ್ಟು ಮನೇಲಿತ್ತು?

ಈಗ ನನ್ನ ಮನೆ ಕತೆ. ನನ್ನಜ್ಜಿ ಉಪ್ಪಿನಾಗರದಲ್ಲಿ ದುಡಿದವಳು. ಗೋಕರ್ಣದ ಹತ್ರ ಸಾಣಿಕಟ್ಟೆಯ ಉಪ್ಪು ಎಲ್ಲರಿಗೂ ಗೊತ್ತು, ಅದನ್ನ ಎಳೆದು ರಾಶಿ ಹಾಕೋರ ಹಾಡು ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷದ ಹಿಂದೆ ಒಬ್ಬರು ಟೇಪ್ ರೆಕಾರ್ಡರ್ ಹಿಡ್ಕೊಂಡು ಬಂದ್ರು. ಎರಡು ಸಂಜೆ ಕೂತು ಅಜ್ಜಿ ಹತ್ರ ಹಾಡಿಸ್ಕೊಂಡ್ರು. ಚಾಪುಡಿ, ಸಕ್ಕರೆ ಕೊಟ್ರು. "ಒಂದು ಕ್ಯಾಸೆಟ್ ನಿಮಗೂ ಕಳಿಸ್ತೇವೆ" ಅಂದ್ರು. ಬರಲಿಲ್ಲ. ಅಜ್ಜಿ ಸಾಯೋ ತನಕ ಕೇಳ್ತಿದ್ಲು: "ತಮ್ಮಾ, ಆ ಪೆಟ್ಗೆಯವ್ರು ಬಂದಿದ್ರನಾ?" ಅವಳ ಹಾಡು ಎಲ್ಲೋ ಒಂದು ಕಪಾಟಿನಲ್ಲಿ ಇರಬಹುದು, ಬೂಸ್ಟು ಹಿಡಿದಿರಬಹುದು. ನನ್ನ ಹತ್ರ ಅವಳ ಫೋಟೋ ಇದೆ. ದನಿ ಇಲ್ಲ.

ಅದಕ್ಕೇ ಹುಡುಗರಿಗೆ ಹೇಳಿದೆ: ಮೊದಲು ಮೈಕು, ಆಮೇಲೆ ಬಾಕ್ಸು.

ಇಪ್ಪತ್ತೈದು ಸಾವಿರವನ್ನ ಹೀಗೆ ಹಂಚಿಕೊಟ್ಟೆ. ಎರಡು ಮೈಕ್ ಸೇರಿಸಬಹುದಾದ ಆಡಿಯೋ ಇಂಟರ್‌ಫೇಸ್‌ಗೆ 8 ಸಾವಿರ. ಎರಡು ಡೈನಾಮಿಕ್ ಮೈಕಿಗೆ 4. ಕಿವಿ ಮುಚ್ಚೋ ಹೆಡ್‌ಫೋನಿಗೆ 2. ವಯರು, ಸ್ಟ್ಯಾಂಡಿಗೆ 2. ಉಳಿದ 9ಕ್ಕೆ ಆಂಪ್ಲಿಫೈಯರ್ ಒಳಗೇ ಇರೋ ಒಂದು ಸ್ಪೀಕರ್, 8 ಇಂಚೋ 10 ಇಂಚೋ. ಹಳೇ ಲ್ಯಾಪ್‌ಟಾಪಿದ್ರೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಹೊಸದಕ್ಕೆ ದುಡ್ಡು ಸಾಲದಿದ್ರೆ ಸೆಕೆಂಡ್ ಹ್ಯಾಂಡ್ ನೋಡಿ, ಆದ್ರೆ ಅರ್ಧ ಗಂಟೆ ನುಡಿಸಿ ಕೇಳದೆ ದುಡ್ಡು ಕೊಡಬೇಡಿ.

ಡೈನಾಮಿಕ್ ಮೈಕೇ ಯಾಕೆ? ಕಂಡೆನ್ಸರ್ ಮೈಕು ನಾಜೂಕು, ಅದಕ್ಕೆ 48 ವೋಲ್ಟ್ ಬೇರೆ ಬೇಕು, ಪಕ್ಕದ ಮನೆ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತೆ. ಡೈನಾಮಿಕ್ ಒರಟು, ತಮಟೆ ಏಟು ತಡೆಯುತ್ತೆ. ಅಂಗಡಿಯವರು ಪಿಎಂಪಿಒ ಸಾವಿರಗಟ್ಟಲೆ ವಾಟ್ ಅಂದ್ರೆ ನಂಬಬೇಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ. ವಾಟ್ ಎರಡು ಪಟ್ಟಾದ್ರೂ ಏರೋದು ಮೂರೇ ಡೆಸಿಬೆಲ್. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಇಳಿಯೋದು ಆರು. ಅಂದ್ರೆ ಮೂವತ್ತು ಜನ ಕೂರೋ ಅಂಗಳಕ್ಕೆ ದೊಡ್ಡ ಬಾಕ್ಸಿಗಿಂತ ಹತ್ತಿರ ಇಟ್ಟ ಸಣ್ಣ ಬಾಕ್ಸೇ ವಾಸಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹೊರಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಇದೆ. ಆ ನಿಯಮ ಕೇರಿಯಲ್ಲಿ ಎಷ್ಟು ಬೇಗ ನೆನಪಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ರೆಕಾರ್ಡಿಂಗಿಗೆ ಆ ತೊಂದರೆ ಇಲ್ಲ, ರಾತ್ರಿ ಹನ್ನೆರಡಕ್ಕೂ ಹೆಡ್‌ಫೋನ್ ಹಾಕಿ ಮಾಡಬಹುದು.

ಮನೆಯೇ ಸ್ಟುಡಿಯೋ. ಫ್ಯಾನ್ ಆರಿಸಿ, ಗೋಡೆಗೆ ಕಂಬಳಿ ಇಳಿಬಿಡಿ. ಹಾಡೋರ ಬಾಯಿಗೆ ಮೈಕು ಒಂದು ಗೇಣು ದೂರ, ತಮಟೆಗೆ, ಗುಮಟೆಗೆ ಮೂರು ನಾಲ್ಕು ಅಡಿ. ಮೀಟರ್ ಮೈನಸ್ 12ರ ಆಸುಪಾಸಲ್ಲಿ ಆಡಲಿ, ಕೆಂಪು ಮುಟ್ಟಿದ್ರೆ ದನಿ ಒಡೆದ ಹಾಗೆ, ಆಮೇಲೆ ಸರಿಯಾಗಲ್ಲ. ಎಂಪಿ3 ಬೇಡ, ವೇವ್ ಫೈಲಲ್ಲಿಡಿ. ಸಮುದ್ರದ ಉಪ್ಪುಗಾಳಿ ವಯರಿನ ಪಿನ್ನನ್ನೂ ತಿನ್ನುತ್ತೆ, ಕೆಲಸ ಮುಗಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಗೆ ಮುಚ್ಚಿಡಿ.

ಕಡೆಯ ಮಾತು, ಎಲ್ಲಕ್ಕಿಂತ ಮುಖ್ಯ. ಹಾಡಿದವರ ಹೆಸರು, ಊರು, ತಾರೀಕು ಮೊದಲು ಮೈಕಲ್ಲೇ ಹೇಳಿಸಿ. ಅವರ ಒಪ್ಪಿಗೆ ಕೇಳಿ. ಮೂರು ಕಾಪಿ ಮಾಡಿ, ಮೊದಲನೇದು ಹಾಡಿದವರ ಮನೆಗೇ ಹೋಗಲಿ.

ಹುಡುಗರು ಸ್ವಲ್ಪ ಸಪ್ಪಗಾದ್ರು. "ಅಣ್ಣ, ಎದೆ ನಡುಗಲ್ವಲ್ಲ ಇದ್ರಲ್ಲಿ" ಅಂದ ಒಬ್ಬ. ನಿನ್ನ ಚಿಕ್ಕಿ ಹಾಡೋದನ್ನ ಒಂದ್ಸಲ ಹೆಡ್‌ಫೋನಲ್ಲಿ ಕೇಳು, ಆಮೇಲೆ ಮಾತಾಡೋಣ ಅಂದೆ.

ನಿನ್ನೆ ವಾಟ್ಸಾಪಿಗೆ ಒಂದು ಫೈಲ್ ಬಂತು. ಯಾರ ಹತ್ರನೋ ಒಂದು ಮೈಕು ಕಡ ತಂದು ಟ್ರೈ ಮಾಡಿದ್ದಾರೆ. ನಾಲ್ಕು ನಿಮಿಷ. ಹಿಂದೆ ಕೋಳಿ ಕೂಗ್ತಿದೆ, ಯಾರೋ ಕೆಮ್ಮಿದ್ದಾರೆ. ಅದರ ನಡುವೆ ಒಬ್ಬ ಹೆಂಗಸು ತನ್ನ ಹೆಸರು ಹೇಳ್ತಾಳೆ, ಊರು ಹೇಳ್ತಾಳೆ, ಆಮೇಲೆ ಹಾಡು ಶುರು ಮಾಡ್ತಾಳೆ.

ಬಾಕ್ಸು ಮುಂದಿನ ವರ್ಷ ದೊಡ್ಡದೇ ತಗೊಳ್ಳಿ ಹುಡುಗ್ರಾ. ನಾನೂ ಕುಣೀತೀನಿ.

ಜೈ ಭೀಮ್.