ಕೋಲಾರದ ಗಣಿಯಲ್ಲಿ ಪ್ರೋಟಾನಿನ ಕಾವಲು

ನಮ್ಮ ಪುರಸೈವಾಕ್ಕಂ ಹೈರೋಡಿನ ಒಡವೆಯಂಗಡಿಗಳಲ್ಲಿ ಚಿನ್ನ ಕೊಳ್ಳುವಾಗ ಮಿಲಿಗ್ರಾಮಿನ ಮೇಲೂ ಕಣ್ಣಿಟ್ಟು ತಕ್ಕಡಿ ನೋಡುತ್ತೇವಷ್ಟೆ. ಒಂದು ಸವರನ್ ಎಂದರೆ 8 ಗ್ರಾಮ್. ಆ 8 ಗ್ರಾಮ್ ಚಿನ್ನದಲ್ಲಿರುವ ಎಲೆಕ್ಟ್ರಾನುಗಳನ್ನೆಲ್ಲ ಒಂದೂ ಬಿಡದೆ ಕೂಡಿಸಿ ತೂಗಿದರೆ 2 ಮಿಲಿಗ್ರಾಮ್ ಕೂಡ ಆಗುವುದಿಲ್ಲ. ಉಳಿದ ತೂಕವೆಲ್ಲ ಪರಮಾಣುವಿನ ಬೀಜದೊಳಗಿನ ಪ್ರೋಟಾನು, ನ್ಯೂಟ್ರಾನುಗಳದು.

ವಿದ್ಯುದಂಶದ ಲೆಕ್ಕಕ್ಕೆ ಬಂದರೆ ಮಾತೇ ಬೇರೆ. ಚಿನ್ನದ ಒಂದು ಪರಮಾಣುವಿನಲ್ಲಿ 79 ಪ್ರೋಟಾನುಗಳು, 79 ಎಲೆಕ್ಟ್ರಾನುಗಳು. ಪ್ರೋಟಾನು ಎಲೆಕ್ಟ್ರಾನಿಗಿಂತ 1836 ಪಾಲು ಭಾರ. ಆದರೂ ಒಂದರ ಧನ ವಿದ್ಯುದಂಶ, ಇನ್ನೊಂದರ ಋಣ ವಿದ್ಯುದಂಶ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ. ಸಮವಿಲ್ಲದಿದ್ದರೆ ಚಿನ್ನವೂ ಇಲ್ಲ, ತಕ್ಕಡಿಯೂ ಇಲ್ಲ, ನಾವೂ ಇಲ್ಲ.

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. ಮುಂದಿನ ಶತಮಾನದ ಆರಂಭದಲ್ಲಿ ಮಿಲಿಕನ್ ಎಣ್ಣೆಯ ಹನಿಗಳ ಪ್ರಯೋಗದಿಂದ ಅದರ ವಿದ್ಯುದಂಶವನ್ನು ಅಳೆದರು. ಅಳತೆ ಸಿಕ್ಕಿತು, ತೂಕದಲ್ಲಿ ಇಷ್ಟು ದೂರವಿರುವ ಎರಡು ಕಣಗಳು ವಿದ್ಯುದಂಶದಲ್ಲಿ ಸಮ ಏಕೆ ಎಂಬ ಪ್ರಶ್ನೆ ಉಳಿಯಿತು. ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗಗಳಲ್ಲಿ ಒಂದು ನಮಗೆ ಚೆನ್ನಾಗಿ ಗೊತ್ತಿರುವ ಊರು. ಸೆಂಟ್ರಲ್ಲಿನಲ್ಲಿ ಬೆಂಗಳೂರಿನ ರೈಲು ಹತ್ತಿದವರು ಬಂಗಾರಪೇಟೆಯನ್ನು ದಾಟಿಯೇ ಹೋಗುತ್ತಾರೆ. ಅಲ್ಲಿ ಕವಲೊಡೆಯುವ ಹಳಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತದೆ.

ಗಣಿಗೂ ಕಣವಿಜ್ಞಾನಕ್ಕೂ ನಂಟು ಹಾಕಿದವರಲ್ಲಿ ಮೊದಲಿಗರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್. 1951ರಲ್ಲಿ ಹೋಮಿ ಭಾಭಾ ಅವರನ್ನು ಕೋಲಾರಕ್ಕೆ ಕಳುಹಿಸಿದರು. ಆಕಾಶದಿಂದ ವಿಶ್ವಕಿರಣಗಳು ಹಗಲಿರುಳೂ ಸುರಿಯುತ್ತಿರುತ್ತವೆ. ಅವುಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣದ ವಿದ್ಯುದಂಶ ಎಲೆಕ್ಟ್ರಾನಿನಷ್ಟೇ; ತೂಕ ಮಾತ್ರ 207 ಪಾಲು ಹೆಚ್ಚು. ಅದು ಬಂಡೆಯನ್ನೂ ತೂರಿಕೊಂಡು ಇಳಿಯುತ್ತದೆ. ಎಷ್ಟು ಆಳಕ್ಕೆ ಎಷ್ಟು ಮ್ಯೂಆನುಗಳು ಇಳಿಯುತ್ತವೆಂದು ಎಣಿಸುವುದೇ ಕೆಲಸ. 1960ರ ದಶಕದ ಆರಂಭದಲ್ಲಿ ಸುಮಾರು 2,700 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಬರಲಿಲ್ಲ. ಬರಲಿಲ್ಲವೆಂಬುದೇ ದೊಡ್ಡ ಸುದ್ದಿ. ಬೇರೆಲ್ಲ ಗದ್ದಲ ಅಡಗಿದ ಇಂಥ ಕಡೆ ಬಲು ಅಪರೂಪದ ಸದ್ದನ್ನೂ ಕೇಳಬಹುದಲ್ಲವೆ?

ಕೇಳಿದರು. ವಿದ್ಯುದಂಶವೇ ಇಲ್ಲದ, ತೂಕವೂ ಇಲ್ಲವೆನ್ನುವಷ್ಟು ಕಡಿಮೆಯಿರುವ ನ್ಯೂಟ್ರಿನೋ ಎಂಬ ಕಣ ವಾತಾವರಣದಲ್ಲಿ ಹುಟ್ಟಿ, ಭೂಮಿಯನ್ನೇ ಹಾದು ಬಂದು, ಅಪರೂಪಕ್ಕೊಮ್ಮೆ ಬಂಡೆಗೆ ತಾಗಿ ಮ್ಯೂಆನನ್ನು ಹುಟ್ಟಿಸುತ್ತದೆ. ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಅದರ ಗುರುತು ಹಿಡಿದು 1965ರ ಆಗಸ್ಟಿನಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಕಾದಿದ್ದವರಿಗೆ ಅದು ಕೆಲವು ವಾರ ಮೊದಲೇ ಕಂಡಿತ್ತು. ಅಚ್ಚಿನಲ್ಲಿ ಮೊದಲು ಬಂದದ್ದು ಕೋಲಾರ.

ಇನ್ನು ನಮ್ಮ ಮೂಲ ಪ್ರಶ್ನೆ. 1974ರಲ್ಲಿ ಅಮೆರಿಕದ ಜಾರ್ಜೈ ಮತ್ತು ಗ್ಲಾಶೋ ಒಂದು ಸಿದ್ಧಾಂತ ಮುಂದಿಟ್ಟರು. ಪ್ರೋಟಾನಿನೊಳಗಿರುವ ಕ್ವಾರ್ಕುಗಳೂ ಎಲೆಕ್ಟ್ರಾನೂ ಒಂದೇ ಕುಟುಂಬದವು. ಆದ್ದರಿಂದಲೇ ವಿದ್ಯುದಂಶದ ಲೆಕ್ಕ ಸರಿಹೋಗುತ್ತದೆ. ಉತ್ತರ ಸೊಗಸಾಗಿತ್ತು, ಆದರೆ ಅದಕ್ಕೊಂದು ಬೆಲೆ ತೆರಬೇಕಿತ್ತು. ಒಂದೇ ಕುಟುಂಬವಾದರೆ ಪ್ರೋಟಾನು ಒಂದಲ್ಲ ಒಂದು ದಿನ ಸಾಯಬೇಕು. ತನ್ನ ಧನ ವಿದ್ಯುದಂಶವನ್ನು ಎಲೆಕ್ಟ್ರಾನಿನಷ್ಟೇ ಹಗುರವಾದ ಪಾಸಿಟ್ರಾನಿಗೆ ಒಪ್ಪಿಸಿ ಇಲ್ಲವಾಗಬೇಕು. ಅದರ ಆಯುಸ್ಸು 1ರ ಮುಂದೆ ಸುಮಾರು 31 ಸೊನ್ನೆ ಹಾಕಿದಷ್ಟು ವರ್ಷ!

ಅಷ್ಟು ಕಾಲ ಕಾಯುವವರಾರು? ಒಂದು ಪ್ರೋಟಾನನ್ನು ಕಾಯುವ ಬದಲು ಲೆಕ್ಕವಿಲ್ಲದಷ್ಟನ್ನು ಒಟ್ಟಿಗೆ ಕಾಯಬೇಕು. 1980ರ ಕೊನೆಯಲ್ಲಿ ಕೋಲಾರದ ಗಣಿಯೊಳಗೆ 140 ಟನ್ ಕಬ್ಬಿಣದ ಹಲಗೆಗಳನ್ನೂ ಅವುಗಳ ನಡುವೆ ಕಣಗಳ ಜಾಡು ಹಿಡಿಯುವ ಕೊಳವೆಗಳನ್ನೂ ಜೋಡಿಸಿ ಕಾವಲಿಟ್ಟರು. ಸಿದ್ಧಾಂತ ಹೇಳಿದ ಆಯುಸ್ಸೇ ನಿಜವಾಗಿದ್ದರೆ ಅಷ್ಟು ಕಬ್ಬಿಣದಲ್ಲಿ ವರ್ಷಕ್ಕೆ ಕೆಲವು ಸಾವು ಆಗಬೇಕು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ವಿ. ಎಸ್. ನರಸಿಂಹಂ, ಜಪಾನಿನ ಮಿಯಾಕೆ ಇದ್ದ ತಂಡಕ್ಕೆ ಪ್ರೋಟಾನಿನ ಸಾವಿರಬಹುದೆನಿಸುವ ಕೆಲವು ಜಾಡುಗಳು ಕಂಡವು. ಜಗತ್ತೇ ಇತ್ತ ತಿರುಗಿ ನೋಡಿತು. ಆದರೆ ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಅದು ಕಾಣಲಿಲ್ಲ. ಇಂದು ತಿಳಿದಿರುವಂತೆ ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತಲೂ ಹೆಚ್ಚು. ವಿದ್ಯುದಂಶ ಸಮ ಏಕೆಂಬ ಪ್ರಶ್ನೆಗೆ ಪ್ರಯೋಗ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.

ಕೋಲಾರದ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ಚಿನ್ನಕ್ಕಾಗಿ ಪ್ರಾಣ ಒತ್ತೆಯಿಟ್ಟು ಕೊರೆದ ಆಳವಿಲ್ಲದಿದ್ದರೆ ಈ ವಿಜ್ಞಾನವೂ ಇರುತ್ತಿರಲಿಲ್ಲ. ಅವರ ಹೆಸರುಗಳು ಯಾವ ವಿಜ್ಞಾನ ಲೇಖನದಲ್ಲೂ ಅಚ್ಚಾಗಲಿಲ್ಲ.

ಮುಂದಿನ ಸಲ ರಜೆಗೆ ಊರಿಗೆ ಹೋಗುವಾಗ ಬಂಗಾರಪೇಟೆ ಬಂದರೆ ಮಕ್ಕಳಿಗೆ ಚಿನ್ನದ ಕಥೆಯ ಜೊತೆಗೆ ಇದನ್ನೂ ಹೇಳೋಣ. ಉತ್ತರ ಸಿಗದ ಪ್ರಶ್ನೆಯೊಂದನ್ನು ಆ ನೆಲದಡಿ ಹತ್ತು ವರ್ಷಕ್ಕೂ ಮಿಕ್ಕಿ ಪ್ರಾಮಾಣಿಕವಾಗಿ ಕಾದರು. ಅದು ಚಿನ್ನದಷ್ಟೇ ತೂಕದ ಮಾತು.